ಪಟ್ಟಿಯನ್ನು ಬಾಲದಿಂದ ಓದುವ ಮಾವ

ಜಗತ್ತಿನ ವಿಚಿತ್ರ ಮನುಷ್ಯರದ್ದೊಂದು ಪಟ್ಟಿ ಮಾಡಿ, ಅದರಲ್ಲಿ ನಮ್ಮ ಮಾವನ ಹೆಸರನ್ನೂ ಸೇರಿಸಿ ಅವರ ಕೈಗೇ ಕೊಟ್ಟರೆ ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೀರಾ? ಖಂಡಿತ ಇಲ್ಲ. ಕನ್ನಡಕವನ್ನು ಹಣೆಗೇರಿಸಿ ಅವರು ಕೇಳುವುದು ಎರಡೇ ಪ್ರಶ್ನೆ: "ಎಷ್ಟನೇ ಸ್ಥಾನ? ತೀರ್ಪುಗಾರರು ಯಾರು?" ಮೊದಲ ಸ್ಥಾನ ಎಂದರೆ ತೃಪ್ತಿಯಿಂದ ತಲೆಯಾಡಿಸಿ ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾರೆ. ಎರಡನೆಯದು ಎಂದಿರೋ, ಆಕ್ಷೇಪಣೆ ಸಲ್ಲಿಸಲು ಎಷ್ಟು ಹೊತ್ತು ಉಳಿದಿದೆ ಎಂದು ವಿಚಾರಿಸುತ್ತಾರೆ!

ಇವರು ನನ್ನ ಸೋದರಮಾವ. ಬೆಳುವಾಯಿಯ ನಮ್ಮ ಜೈನ ಮನೆಗಳಲ್ಲಿ ಸೋದರಮಾವ ಎಂದರೆ ಅಪ್ಪನಿಗಿಂತ ಒಂದು ರ‍್ಯಾಂಕ್ ಮೇಲೆ. ಹಾಗಾಗಿ ಅವರ ವಿಚಿತ್ರಗಳೂ ಉಳಿದವರ ವಿಚಿತ್ರಗಳಿಗಿಂತ ಒಂದು ತೂಕ ಹೆಚ್ಚು. ಮೂಡುಬಿದಿರೆಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಿದ್ದವರು; ಊರವರ ಬಾಯಲ್ಲಿ ಪಿ.ಟಿ. ಮಾಸ್ಟ್ರು. ಮಾಸ್ಟ್ರು ನಿವೃತ್ತರಾದರು, ಕುತ್ತಿಗೆಯ ವಿಸಿಲ್ ಮಾತ್ರ ಆಗಲಿಲ್ಲ. ಬಸದಿಯೊಳಗೆ ಹೋಗುವಾಗ ಅಂಗಿ ತೆಗೆಯುತ್ತಾರೆ, ವಿಸಿಲ್ ತೆಗೆಯುವುದಿಲ್ಲ. ಚಳಿಗಾಲ ಬಂತೆಂದರೆ ಕಂಬಳದ ಗದ್ದೆಗಳಿಗೆ ತೀರ್ಪುಗಾರರಾಗಿ ಹೋಗುತ್ತಾರೆ. ಅಲ್ಲಿ ಎರಡು ಜೊತೆ ಕೋಣಗಳು ಒಟ್ಟಿಗೇ ಬಂದು ಮುಟ್ಟಿದರೆ 'ಸಮ-ಸಮ' ಎಂದು ಘೋಷಿಸಿ ಇನ್ನೊಮ್ಮೆ ಓಡಿಸುವುದು ರೂಢಿ. ನಮ್ಮ ಮಾವ ಈವರೆಗೆ ಸಮ-ಸಮ ಕೊಟ್ಟ ದಾಖಲೆಯೇ ಇಲ್ಲ. "ಸಮ-ಸಮ ಅನ್ನುವವನಿಗೆ ಕಣ್ಣು ಸಮ ಇಲ್ಲ ಅಂತ ಅರ್ಥ," ಎನ್ನುವುದು ಅವರ ಸಿದ್ಧಾಂತ. ನಮ್ಮ ಕಡೆ 'ಸಮ' ಎಂದರೆ 'ಸರಿ' ಎಂದೂ ಅರ್ಥ. ಕೋಣದ ಮೂಗು ಎರಡು ಬೆರಳು ಮುಂದಿದ್ದರೂ ಅವರಿಗೆ ಕಾಣುತ್ತದೆ. ಕೋಣದ ಯಜಮಾನನಿಗೆ ಕಾಣದಿದ್ದರೆ ಅದು ಯಜಮಾನನ ದೋಷ.

ಹೀಗೆ ಬದುಕಿಡೀ ಪ್ರಥಮ, ದ್ವಿತೀಯ, ತೃತೀಯ ಕೂಗಿದ ನಾಲಗೆ ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೇ? ಬಂಟ್ವಾಳದಿಂದ ಮೂಡುಬಿದಿರೆಗೆ ಬರುವ ಬಸ್ಸುಗಳಿಗೆ ಸ್ಥಾನ ಉಂಟು. ಮದುವೆ ಊಟದ ಪಾಯಸಗಳಿಗೆ ಸ್ಥಾನ ಉಂಟು. ಉತ್ತರಕ್ರಿಯೆಯ ಊಟಕ್ಕೂ ಕೊಡುತ್ತಿದ್ದರು, ಒಮ್ಮೆ ಮನೆಯವರೆದುರೇ "ಇವರ ಅಣ್ಣನದ್ದು ಇದಕ್ಕಿಂತ ಚಂದ ಆಗಿತ್ತು" ಎಂದುಬಿಟ್ಟ ಮೇಲೆ ಅತ್ತೆ ಆ ವಿಭಾಗವನ್ನು ರದ್ದು ಮಾಡಿಸಿದರು.

ನನ್ನ ಮದುವೆಯ ಕತೆಯನ್ನೇ ಕೇಳಿ. ಮೂರು ಸಂಬಂಧ ಬಂದಿದ್ದವು. ಮಾವ ಮೂವರನ್ನೂ ಹೋಗಿ ನೋಡಿ ಬಂದು ಫಲಿತಾಂಶ ಪ್ರಕಟಿಸಿದರು. ಬೆಳ್ತಂಗಡಿಯ ಹುಡುಗ ಪ್ರಥಮ, ಬಂಟ್ವಾಳದ ಹುಡುಗ ದ್ವಿತೀಯ, ಇನ್ನೊಬ್ಬನಿಗೆ ಸಮಾಧಾನಕರ ಬಹುಮಾನ. ಮಾತುಕತೆ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಯಾರದೋ ಮದುವೆಯ ಹಿಂದಿನ ದಿನ ಪ್ರಥಮ ಸ್ಥಾನದ ಹುಡುಗ ಚಪ್ಪರದ ಹಿಂದೆ ಗ್ಲಾಸು ಹಿಡಿದು ಕುಳಿತದ್ದನ್ನು ಮಾವ ಕಣ್ಣಾರೆ ಕಂಡರು. ಅಲ್ಲೇ ವಿಸಿಲ್ ಊದಿದರಂತೆ. "ಉದ್ದೀಪನ ಮದ್ದು ಸೇವನೆ. ಅನರ್ಹ," ಎಂದು ಮನೆಗೆ ಬಂದು ತಿಳಿಸಿದರು. ನಿಯಮದ ಪ್ರಕಾರ ದ್ವಿತೀಯದವರಿಗೆ ಬಡ್ತಿ. ಆ ಬಡ್ತಿ ಪಡೆದವರ ಜೊತೆಯೇ ನಾನೀಗ ಮೆಲ್ಕಾರಿನಲ್ಲಿ ಸಂಸಾರ ಮಾಡುತ್ತಿರುವುದು. ಜಗಳವಾದಾಗಲೆಲ್ಲ ನನ್ನವರು "ನಾನು ಹೇಗೂ ಬದಲಿ ಆಟಗಾರ ಅಲ್ವಾ" ಎಂದು ಮುಖ ಊದಿಸಿಕೊಳ್ಳುತ್ತಾರೆ.

ಇಂಥವರಿಗೆ ಊಟ ಬಡಿಸುವ ಅತ್ತೆಯ ಪಾಡು ಏನಿರಬೇಡ! ನಮ್ಮಲ್ಲಿ ಕತ್ತಲಾಗುವ ಮೊದಲೇ ಊಟ. ಸೂರ್ಯ ಮುಳುಗುವುದಕ್ಕೂ ಮಾವ ಕೈ ತೊಳೆದು ಫಲಿತಾಂಶ ಹೇಳುವುದಕ್ಕೂ ಸರಿಹೋಗುತ್ತದೆ. "ಸೌತೆಕಾಯಿ ಸಾಂಬಾರು ದ್ವಿತೀಯ. ಬಾಳೆದಿಂಡಿನ ಪಲ್ಯ ತೃತೀಯ." ಅತ್ತೆಯ ಅಡುಗೆಯಲ್ಲಿ ಪ್ರಥಮ ಸ್ಥಾನವನ್ನು ಮಾತ್ರ ಯಾವತ್ತೂ ಯಾವುದಕ್ಕೂ ಕೊಟ್ಟವರಲ್ಲ.

"ಮಾವ, ಪ್ರಥಮ ಯಾರಿಗೆ ಅಂತ ತೆಗೆದಿಟ್ಟಿದ್ದೀರಿ?" ಎಂದು ನಾನೊಮ್ಮೆ ಕೇಳಿದೆ.

"ಪ್ರಥಮ ಕೊಟ್ರೆ ಆಟಗಾರ ಅಭ್ಯಾಸ ಬಿಡ್ತಾನೆ ಮಾರಾಯ್ತಿ. ಅದು ನಮ್ಮ ಅನುಭವ."

"ಆಟಗಾರ್ತಿ ಅಡುಗೆಮನೆಯನ್ನೇ ಬಿಟ್ರೆ?" ಎಂದು ಅತ್ತೆ ಒಳಗಿನಿಂದ ಕೇಳಿದರು. ಆ ಸಂಜೆಯ ಫಲಿತಾಂಶ ತಡೆಹಿಡಿಯಲ್ಪಟ್ಟಿತು.

ಇದೆಲ್ಲ ಮನೆಯಂಗಳದ ಕ್ರೀಡಾಕೂಟ. ನಿವೃತ್ತಿಯ ಆಸುಪಾಸಿನಲ್ಲಿ ಮಾವನ ಕೈಗೆ ಇಂಟರ್ನೆಟ್ಟು ಸಿಕ್ಕಿತು ನೋಡಿ, ಅಲ್ಲಿಂದ ಅವರ ಮೈದಾನ ಜಗತ್ತಿನಷ್ಟು ಅಗಲವಾಯಿತು. ವಿಶ್ವವಿದ್ಯಾನಿಲಯಗಳಿಗೂ ವರ್ಷ ವರ್ಷ ಸ್ಥಾನ ಕೊಡುತ್ತಾರೆ ಎಂಬುದು ಅವರಿಗೆ ತಿಳಿದದ್ದೇ ಆಗ. ಅದೂ ಒಂದು ಪಟ್ಟಿಯಲ್ಲ, ನಾಲ್ಕಾರು ಸಂಸ್ಥೆಗಳದ್ದು ನಾಲ್ಕಾರು ಪಟ್ಟಿ. ಒಬ್ಬರ ಮೂವತ್ತನೆಯದು ಇನ್ನೊಬ್ಬರಿಗೆ ಎಪ್ಪತ್ತನೆಯದು. "ಒಂದೇ ಓಟಕ್ಕೆ ಇಷ್ಟು ತೀರ್ಪುಗಾರರಾ? ನಮ್ಮ ತಾಲೂಕು ಮಟ್ಟದಲ್ಲಾದ್ರೆ ಪೆಟ್ಟಾಗ್ತಿತ್ತು," ಎಂದು ಮಾವ ಕಂಗಾಲಾದರು. ಕಂಗಾಲಾದವರು ಬಿಟ್ಟುಬಿಡಬೇಕಲ್ಲವೇ? ಬಿಡಲಿಲ್ಲ. ಎಲ್ಲ ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವುದನ್ನೇ ಕೆಲಸ ಮಾಡಿಕೊಂಡರು.

ಹೊಸ ಪಟ್ಟಿ ಬರುವ ದಿನ ಮಾವನನ್ನು ನೀವು ನೋಡಬೇಕು. ಕ್ರೀಡಾಕೂಟದ ದಿನದ ಹಾಗೆ ಬಿಳಿ ಪ್ಯಾಂಟು, ಬಿಳಿ ಟೀ ಶರ್ಟು, ಬಿಳಿ ಶೂ. ಎದುರಿಗೆ ಕಂಪ್ಯೂಟರು, ಕುತ್ತಿಗೆಯಲ್ಲಿ ವಿಸಿಲ್. ಇನ್ನೊಂದು ವಿಚಿತ್ರವೆಂದರೆ, ಎಲ್ಲರೂ ಪಟ್ಟಿಯನ್ನು ತಲೆಯಿಂದ ಓದಿದರೆ ಮಾವ ಬಾಲದಿಂದ ಓದುತ್ತಾರೆ. ಮೊದಲ ಸ್ಥಾನ ಯಾರಿಗೆ ಬಂದರೂ ಅವರಿಗೆ ಚಿಂತೆಯಿಲ್ಲ. ಸೀದಾ ಕೊನೆಯ ಪುಟಕ್ಕೆ ಹೋಗಿ ಅಲ್ಲಿಂದ ಮೇಲೆ ಮೇಲೆ ಹತ್ತಿಕೊಂಡು ಬರುತ್ತಾರೆ. ಆ ಕಡೆ ಸಂಖ್ಯೆಗಳೂ ಸರಿಯಾಗಿ ಇರುವುದಿಲ್ಲ. ಎಂಟುನೂರರಿಂದ ಸಾವಿರದವರೆಗೆ ಎಂದು ಇನ್ನೂರು ವಿಶ್ವವಿದ್ಯಾನಿಲಯಗಳನ್ನು ಒಂದೇ ಕಂತೆ ಕಟ್ಟಿ ಹಾಕಿರುತ್ತಾರೆ.

"ಇದು ಸ್ಥಾನವಾ, ಸರ್ವಿಸ್ ಬಸ್ಸಾ?" ಎಂದು ಮಾವ ಕೆರಳುತ್ತಾರೆ. "ಎಲ್ಲರನ್ನೂ ಒಳಗೆ ತುರುಕಿಸಿ ರೈಟ್ ರೈಟ್ ಅಂದ್ರೆ ಆಯ್ತಾ?"

ಬಾಲದಿಂದ ಓದುವುದಕ್ಕೆ ನಾನೇ ಒಂದು ಕಾರಣ ಕಂಡುಹಿಡಿದಿದ್ದೆ. ಗುಡ್ಡಗಾಡು ಓಟ ನಡೆಸುವಾಗ ಮಾವ ಗೆದ್ದವನ ಕೈ ಕುಲುಕಿ ಹೊರಟುಬಿಡುವವರಲ್ಲ. ಕೊನೆಯ ಹುಡುಗ ಏದುಸಿರು ಬಿಡುತ್ತಾ ಬಂದು ಮುಟ್ಟುವವರೆಗೂ ಗೆರೆಯ ಬಳಿಯೇ ನಿಂತಿರುತ್ತಿದ್ದರು. ಅದೇ ಅಭ್ಯಾಸ ಇಲ್ಲೂ ಬಂದಿರಬೇಕು ಎಂದುಕೊಂಡಿದ್ದೆ. ಒಂದೊಂದು ವರ್ಷ ಪಟ್ಟಿ ನೋಡಿದ ಮೇಲೆ ಅವರು ಊಟ ಬಿಟ್ಟು ಕೂರುತ್ತಿದ್ದದ್ದೂ ಉಂಟು. ದೇಶಕ್ಕೆ ಬಂದ ಸ್ಥಾನ ನೋಡಿ ಬೇಸರವಾಗಿರಬೇಕು, ಎಂಥ ದೇಶಭಕ್ತರು ನಮ್ಮ ಮಾವ ಎಂದು ನಾನು ಹೆಮ್ಮೆಪಟ್ಟದ್ದೂ ಉಂಟು. ನನ್ನ ಎರಡು ಊಹೆಗಳೂ ಎಷ್ಟು ತಪ್ಪು ಎಂಬುದು ಆಮೇಲೆ ಬರುತ್ತದೆ.

ಇಷ್ಟೆಲ್ಲ ಓದಿ ಸಂಪಾದಿಸಿದ ಜ್ಞಾನವನ್ನು ಮಾವ ತಮ್ಮೊಳಗೇ ಇಟ್ಟುಕೊಳ್ಳಲಿಲ್ಲ. ಮೂಡುಬಿದಿರೆಯ ಪೇಟೆಯ ಹೋಟೆಲಿನಲ್ಲಿ ಬೆಳಗಿನ ಬನ್ಸ್ ತಿನ್ನಲು ಬರುವವರೆಲ್ಲ ಅದರ ಫಲಾನುಭವಿಗಳು. ಒಂದು ದಿನ ನಾನೂ ಇದ್ದೆ. ಪೇಪರ್ ಓದುತ್ತಿದ್ದ ಹಿರಿಯರೊಬ್ಬರು, "ಮಾಸ್ಟ್ರೆ, ಒಂದರಲ್ಲಿ ಮೇಲೆ ಇದ್ದದ್ದು ಇನ್ನೊಂದರಲ್ಲಿ ಕೆಳಗೆ ಹೋಗುವುದು ಹೇಗೆ? ಯಾರೋ ಒಬ್ಬ ಸುಳ್ಳು ಹೇಳ್ತಾನೆ ಅಂತ ಆಯ್ತಲ್ಲ," ಎಂದರು.

ಮಾವ ಬನ್ಸ್ ಕೆಳಗಿಟ್ಟರು. "ಸುಳ್ಳಲ್ಲ ಮಾರ್ರೆ. ನೀವು ಕಂಬಳ ನೋಡ್ಲಿಲ್ವಾ? ಹಗ್ಗದ ಓಟದಲ್ಲಿ ಎಂಥ ನೋಡುವುದು?"

"ಯಾವ ಕೋಣ ಬೇಗ ಮುಟ್ಟಿತು ಅಂತ."

"ಕನೆ ಹಲಗೆಯಲ್ಲಿ?"

"ಅದರಲ್ಲಿ ಬೇಗ ಮುಟ್ಟಿ ಏನಾಗ್ಬೇಕು? ನೀರು ಎಷ್ಟು ಎತ್ತರಕ್ಕೆ ಹಾರ್ತದೆ, ಮೇಲೆ ಕಟ್ಟಿದ ನಿಶಾನೆ ಬಟ್ಟೆಗೆ ತಾಗ್ತದಾ ಅಂತ ನೋಡುವುದು."

"ಹಾಂ. ಈ ಪಟ್ಟಿ ಹಗ್ಗ. ಯಾರು ಎಷ್ಟು ಸಂಶೋಧನೆ ಮಾಡಿದ್ರು, ಎಷ್ಟು ಜನ ಅದನ್ನು ಎತ್ತಿ ಹೇಳಿದ್ರು, ಅದು ಲೆಕ್ಕ. ಆ ಪಟ್ಟಿ ಕನೆ ಹಲಗೆ. ನಿಮಗೆ ಯಾವ ವಿಶ್ವವಿದ್ಯಾನಿಲಯ ಒಳ್ಳೆದು ಕಾಣ್ತದೆ ಅಂತ ಊರಿನವರನ್ನು ಕೇಳುವುದು. ಯಾರ ನೀರು ಎತ್ತರಕ್ಕೆ ಹಾರಿತೋ ಅವನು ಗೆದ್ದ. ಕನೆ ಹಲಗೆಯ ಕೋಣವನ್ನು ಹಗ್ಗದಲ್ಲಿ ಓಡಿಸಿ 'ಸೋತಿತು' ಅಂತ ಬೈದ್ರೆ ಕೋಣದ ತಪ್ಪಾ?"

ಪೇಪರಿನ ಹಿರಿಯರು ಬಹಳ ಹೊತ್ತು ಯೋಚಿಸಿ, "ಹಾಗಾದ್ರೆ ನಮ್ಮ ದೇಶದ ಕೋಣ ಯಾವ ಓಟದ್ದು?" ಎಂದರು.

"ವೈಯಕ್ತಿಕವಾಗಿ ಕೇಳ್ತೀರಾ, ಸಮಗ್ರವಾಗಿ ಕೇಳ್ತೀರಾ?" ಎಂದರು ಮಾವ. ಹೋಟೆಲಿನ ಮಾಲಕರು ಇನ್ನೊಂದು ಚಾ ಕಳಿಸಿದರು. ಕತೆ ಉದ್ದವಾಗಲಿದೆ ಎಂದು ಅವರಿಗೆ ಅಂದಾಜಾಗಿತ್ತು.

ಕತೆ ನೆರಿಯ ಕಡೆಯ ಒಂದು ಶಾಲೆಯದ್ದು. ಕಾಡಿನ ಅಂಚಿನ ಸಣ್ಣ ಶಾಲೆ, ಬೆರಳೆಣಿಕೆಯ ಮಕ್ಕಳು. ಬೆಳ್ತಂಗಡಿಯಲ್ಲಿ ಕ್ರೀಡಾಕೂಟ. ದೊಡ್ಡ ಶಾಲೆಯೊಂದರ ಹುಡುಗ ಓಡಿದ್ದರಲ್ಲೆಲ್ಲ ಪ್ರಥಮ ಬಂದು ವೈಯಕ್ತಿಕ ಚಾಂಪಿಯನ್ ಆದ. ನೆರಿಯದ ಮಕ್ಕಳಲ್ಲಿ ಒಬ್ಬರಿಗೂ ಪ್ರಥಮ ಇಲ್ಲ. ಆದರೆ ಓಟದಲ್ಲಿ ಒಬ್ಬಳು ತೃತೀಯ, ಜಿಗಿತದಲ್ಲಿ ಇನ್ನೊಬ್ಬ ದ್ವಿತೀಯ, ಗುಂಡೆಸೆತದಲ್ಲಿ ಮತ್ತೊಬ್ಬ ತೃತೀಯ. ಅಂಕ ಕೂಡಿಸಿದರೆ ಸಮಗ್ರ ಶೀಲ್ಡು ನೆರಿಯಕ್ಕೆ! ಶೀಲ್ಡು ಎಷ್ಟು ದೊಡ್ಡದಿತ್ತೆಂದರೆ ಅದನ್ನು ಹೊತ್ತ ಮಗುವಿನ ಕಾಲು ಮಾತ್ರ ಕಾಣುತ್ತಿತ್ತಂತೆ.

"ದೇಶದ ಉನ್ನತ ಶಿಕ್ಷಣವನ್ನು ನೋಡುವುದು ಹಾಗೆ," ಎಂದರು ಮಾವ. "ಡೆನ್ಮಾರ್ಕಿನ ಹಾಗಿನ ಸಣ್ಣ ದೇಶಗಳು ಉಂಟಲ್ಲ, ಅವು ನೆರಿಯ ಶಾಲೆ. ಅಲ್ಲಿ ಒಬ್ಬ ಓಡಿ ಗೆಲ್ಲುವುದಲ್ಲ, ಹೆಚ್ಚಿನವರು ಎರಡನೆಯದ್ದೋ ಮೂರನೆಯದ್ದೋ ಬರ್ತಾರೆ. ನಮ್ಮದು ದೊಡ್ಡ ಶಾಲೆ. ನಾಲ್ಕು ಜನ ಚಾಂಪಿಯನ್ನರು, ಉಳಿದವರು ಮೈದಾನದ ಹೊರಗೆ ಚಪ್ಪಾಳೆ ತಟ್ಟುವುದು."

"ಮತ್ತೆ ಆ ಉಳಿದವರನ್ನು ಒಳಗೆ ಬಿಡ್ಲಿಕ್ಕೆ ಯಾರು ಬೇಡ ಹೇಳಿದ್ದು ಮಾಸ್ಟ್ರೆ?" ಎಂದು ಹಿರಿಯರು ಕೇಳಿದರು. ಮಾವ ಚಾ ತಣ್ಣಗಾಗಿದೆ ಎಂದು ಮಾಲಕರ ಮೇಲೆ ರೇಗಿದರು.

ಮನೆಗೆ ಬಂದರೆ ಅಲ್ಲಿ ಅತ್ತೆಯ ಆಕ್ಷೇಪಣೆ ಕಾದಿತ್ತು. ಮಾವ ಒಂದು ವಿಶ್ವವಿದ್ಯಾನಿಲಯದ ನಾಲ್ಕು ಪಟ್ಟಿಯ ನಾಲ್ಕು ಸ್ಥಾನಗಳನ್ನು ಕೂಡಿಸಿ, ನಾಲ್ಕರಿಂದ ಭಾಗಿಸಿ 'ನಿಜವಾದ ಸ್ಥಾನ' ಕಂಡುಹಿಡಿಯುತ್ತಿದ್ದರು. ಅತ್ತೆ ಸೊಪ್ಪು ಸೋಸುತ್ತಲೇ ಅಂದರು: "ಸ್ಥಾನಗಳನ್ನು ಕೂಡಿಸಿ ಭಾಗಿಸ್ಬಾರದು ಅಂತ ನಿಮಗೆ ಎಷ್ಟು ಸಲ ಹೇಳುವುದು? ಮೊದಲನೆಯವನಿಗೂ ಎರಡನೆಯವನಿಗೂ ನಡುವೆ ಒಂದು ಕೂದಲು ಇರಬಹುದು, ಎರಡನೆಯವನಿಗೂ ಮೂರನೆಯವನಿಗೂ ನಡುವೆ ಅರ್ಧ ಮೈದಾನ ಇರಬಹುದು. ಓಡಿಸಿದವರು ನೀವೇ ಅಲ್ವಾ?" ಮಾವ ಲೆಕ್ಕವನ್ನು ಅಳಿಸಿದರು. ಅತ್ತೆ ಬಿ.ಎಸ್ಸಿ. ಓದಿದವರು, ಗಣಿತದಲ್ಲಿ ಚುರುಕು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಬೀದಿಯ ಮಕ್ಕಳೆಲ್ಲ ಪರೀಕ್ಷೆಯ ಹೊತ್ತಿಗೆ ಅವರ ಜಗಲಿಗೆ ಬರುತ್ತಾರೆ. ಬಿ.ಎಸ್ಸಿ. ಆದ ಮೇಲೆ ಏನಾಯಿತು ಎಂದು ಮಾತ್ರ ನಾವು ಯಾರೂ ಕೇಳಿದವರಲ್ಲ. ಮದುವೆ ಆಯಿತು, ಮತ್ತೇನು ಕೇಳುವುದು?

ಇನ್ನು ಶಿಫಾಳ ವಿಷಯಕ್ಕೆ ಬರುತ್ತೇನೆ. ನಾನು ಈ ಪ್ರಬಂಧ ಬರೆಯಲು ಕೂತದ್ದೇ ಅದಕ್ಕಾಗಿ.

ಶಿಫಾ ಮೆಲ್ಕಾರಿನಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ, ಪಿಯುಸಿಯಲ್ಲಿ ನಾನು ಕಲಿಸುವ ಕನ್ನಡ ತರಗತಿಯಲ್ಲಿ ಕೂತವಳು. ಅಪ್ಪ ಕೊಲ್ಲಿ ದೇಶದ ದಮ್ಮಾಮಿನ ಕಂಪನಿಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುತ್ತಾರೆ. ನಮ್ಮ ಬೀದಿಯಲ್ಲಿ ಹಿರಿಯರು ಕಿರಿಯರು ಎಲ್ಲರಿಗೂ ಅವರು ಹಮೀದಾಕ. ಹುಡುಗಿ ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿದಳು, ಅದೇ ವಿಷಯದಲ್ಲಿ ಎಂ.ಎಸ್ಸಿ. ಮಾಡಲು ಡೆನ್ಮಾರ್ಕಿನ ಒಂದು ವಿಶ್ವವಿದ್ಯಾನಿಲಯದಲ್ಲಿ ಸೀಟೂ ಸಿಕ್ಕಿತು, ವಿದ್ಯಾರ್ಥಿವೇತನವೂ ಸಿಕ್ಕಿತು. ಉಳಿದದ್ದು ಅಪ್ಪನ ಒಪ್ಪಿಗೆ ಒಂದೇ. ಹಮೀದಾಕ ಕೆಟ್ಟವರಲ್ಲ, ಹೆದರಿದವರು. ಹೆಣ್ಣುಮಗಳನ್ನು ಒಬ್ಬಳನ್ನೇ ಅಷ್ಟು ದೂರ ಯಾಕೆ ಕಳಿಸಿದೆ ಎಂದು ಕುಟುಂಬದವರು ಕೇಳಿದರೆ ಕೊಡಲು ಅವರಿಗೊಂದು ಉತ್ತರ ಬೇಕಿತ್ತು. ಆ ಉತ್ತರವನ್ನು ಅವರೇ ಹುಡುಕಿಕೊಂಡಿದ್ದರು: "ಜಗತ್ತಿನ ನೂರರ ಒಳಗಿನ ಯುನಿವರ್ಸಿಟಿ ಆದ್ರೆ ಹೋಗಲಿ. ನೂರರ ಹೊರಗಿನದ್ದಾದ್ರೆ ಮಂಗಳೂರಿನಲ್ಲಿ ಕಾಲೇಜು ಇಲ್ವಾ?"

ಶಿಫಾ ತಂದ ಪಟ್ಟಿಯಲ್ಲಿ ಅದು ನೂರರ ಒಳಗಿತ್ತು. ಮನೆಯಲ್ಲಿ ಎಲ್ಲರೂ ನಕ್ಕರು. ಮರುದಿನ ದಮ್ಮಾಮಿನಲ್ಲಿ ಹಮೀದಾಕನ ಕೋಣೆಯ ಗೆಳೆಯರು ಇನ್ನೊಂದು ಪಟ್ಟಿ ತೋರಿಸಿದರು. ಅದರಲ್ಲಿ ನೂರರ ಹೊರಗೆ! ಹಮೀದಾಕ ರಜೆಗೆಂದು ಊರಿಗೆ ಬಂದಿಳಿಯುವ ಹೊತ್ತಿಗೆ ಹುಡುಗಿ ಅತ್ತು ಕಣ್ಣು ಬಾತಿಸಿಕೊಂಡಿದ್ದಳು. ಸೀಟು ಬೇಕೋ ಬೇಡವೋ ಎಂದು ತಿಳಿಸುವ ಗಡುವು ಅದೇ ವಾರ ಮುಗಿಯುವುದರಲ್ಲಿತ್ತು.

ಎರಡು ಪಟ್ಟಿ, ಒಂದು ಜಗಳ. ಇದನ್ನು ಬಿಡಿಸಲು ಈ ಮೂರು ತಾಲೂಕಿನಲ್ಲಿ ಹುಟ್ಟಿದವರು ಯಾರಾದರೂ ಇದ್ದರೆ ಅದು ನಮ್ಮ ಮಾವ! "ಹಮೀದಾಕ, ಒಮ್ಮೆ ಮೂಡುಬಿದಿರೆಗೆ ಹೋಗುವ," ಎಂದೆ. "ಪಿ.ಟಿ. ಮಾಸ್ಟ್ರ ಮಾತು ಅಲ್ವಾ? ಅವರು ಹೇಳಿದ್ದಕ್ಕೆ ನಾನು ಇಲ್ಲ ಅನ್ನುವುದಿಲ್ಲ," ಎಂದರು ಅವರು. ಅವರೂ ಕಂಬಳದ ಹುಚ್ಚಿನವರೇ. ಸಮ-ಸಮ ಕೊಡದ ತೀರ್ಪುಗಾರರ ಮೇಲೆ ಅವರಿಗೆ ಬಹಳ ಗೌರವ.

ನಾವು ಮೂವರು ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆ ತಲುಪಿದಾಗ ಮಾವ ಬಿಳಿ ಪ್ಯಾಂಟು, ಬಿಳಿ ಶೂ ಹಾಕಿ ಜಗಲಿಯಲ್ಲಿ ನಿಂತಿದ್ದರು. ಮೇಜು, ಮೂರು ಕುರ್ಚಿ, ಕಂಪ್ಯೂಟರು ಸಿದ್ಧ. ಮೇಲ್ಮನವಿ ಸಮಿತಿಯ ಸಭೆಯಂತೆ! ಹಮೀದಾಕ ತಂದಿದ್ದ ಖರ್ಜೂರವನ್ನು ಒಂದು ಬಾಯಿಗೆ ಹಾಕಿಕೊಂಡು "ದ್ವಿತೀಯ" ಎಂದರು. ಹಮೀದಾಕ ಪಾಪ, ಹೊಗಳಿಕೆ ಎಂದುಕೊಂಡು ಕೈ ಮುಗಿದರು. ಅತ್ತೆ ಪುನರ್ಪುಳಿ ಶರಬತ್ತು ತಂದಿಟ್ಟು ಬಾಗಿಲ ಬಳಿ ನಿಂತರು.

ಮಾವ ಎರಡೂ ಪಟ್ಟಿಗಳನ್ನು ತೆರೆದು ವಿಚಾರಣೆ ಶುರು ಮಾಡಿದರು. ಹಗ್ಗ ಎಂದರು, ಕನೆ ಹಲಗೆ ಎಂದರು. ಆ ವಿಶ್ವವಿದ್ಯಾನಿಲಯ ಒಟ್ಟು ಪಟ್ಟಿಯಲ್ಲಿ ಎಲ್ಲೇ ಇರಲಿ, ಹುಡುಗಿ ಕಲಿಯುವ ವಿಷಯದ ಪಟ್ಟಿಯಲ್ಲಿ ಚಂದ ಮುಂದೆ ಇದೆ ಎಂದರು. ನೆರಿಯ ಶಾಲೆಯ ಶೀಲ್ಡನ್ನೂ ಎಳೆದು ತಂದರು. ಅವರ ಧ್ವನಿ ಮೈಕ್ ಹಿಡಿದವರ ಹಾಗೆ ಏರುತ್ತಾ ಹೋಯಿತು. ಶಿಫಾಳ ಮುಖ ಸ್ವಲ್ಪ ಅರಳಿತು. ಗೆದ್ದೆವು ಎಂದುಕೊಂಡು ನಾನು ಶರಬತ್ತು ಕುಡಿದೆ.

ಹಮೀದಾಕ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದರು. ಆಮೇಲೆ ಮೆಲ್ಲಗೆ, "ಮಾಸ್ಟ್ರೆ, ಕೋಣದ ವಿಷಯ ನನಗೆ ಅರ್ಥ ಆಯ್ತು," ಎಂದರು. "ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮ್ಮ ಮನೆಯ ಹೆಣ್ಣುಮಗಳಾಗಿದ್ರೆ ಕಳಿಸ್ತಿದ್ರಾ?"

ಮಾವ ವಿಸಿಲನ್ನು ಬೆರಳಲ್ಲಿ ತಿರುಗಿಸಿದರು. ನನಗೆ ಗಾಬರಿಯಾಯಿತು. ಮಕ್ಕಳಿಲ್ಲದ ಮನೆಯಲ್ಲಿ ಇವರು ಎಂಥ ಪ್ರಶ್ನೆ ಕೇಳಿಬಿಟ್ಟರಪ್ಪಾ ಎಂದುಕೊಂಡೆ.

"ಕಳಿಸ್ಲಿಲ್ಲ," ಎಂದರು ಅತ್ತೆ ಬಾಗಿಲಿನಿಂದ.

ಎಲ್ಲರೂ ತಿರುಗಿ ನೋಡಿದೆವು. ಅತ್ತೆಯ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗಿನ ಅದೇ ನಿಧಾನದ ಧ್ವನಿ.

"ನನಗೆ ಘಟ್ಟದ ಮೇಲೆ ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು, ಗಣಿತಕ್ಕೆ. ಅದೇ ವರ್ಷ ಮದುವೆ ಆಯ್ತು. ಇವರು ಬೇಡ ಹೇಳ್ಲಿಲ್ಲ, ಅದನ್ನು ನಾನು ಹೇಳ್ಬೇಕು. 'ಈ ಸಲದ ಕ್ರೀಡಾಕೂಟದ ಸೀಸನ್ ಒಮ್ಮೆ ಮುಗೀಲಿ, ಮತ್ತೆ ನೋಡುವ' ಅಂದ್ರು. ಆ ಸೀಸನ್ ಮುಗಿದ ಮೇಲೆ ಇನ್ನೊಂದು ಸೀಸನ್ ಬಂತು."

ಹಮೀದಾಕ ಶರಬತ್ತಿನ ಲೋಟವನ್ನು ಕೆಳಗಿಟ್ಟರು.

"ಇವರು ಪಟ್ಟಿಯನ್ನು ಕೆಳಗಿನಿಂದ ಯಾಕೆ ಓದುವುದು ಅಂತ ನಿನಗೆ ಗೊತ್ತುಂಟಾ?" ಎಂದು ಅತ್ತೆ ನನ್ನ ಕಡೆ ತಿರುಗಿದರು. "ನಾನು ಹೋಗ್ಬೇಕಾಗಿದ್ದ ಯುನಿವರ್ಸಿಟಿ ಎಲ್ಲಿ ಉಂಟು ಅಂತ ಹುಡುಕ್ಲಿಕ್ಕೆ. ಅದು ಇರುವುದು ಕೆಳಗೇ ಅಲ್ವಾ. ಒಂದು ಪಟ್ಟಿಯಲ್ಲಿ ಮೇಲೆ ಇದ್ರೆ ಇನ್ನೊಂದು ಪಟ್ಟಿ ನೋಡ್ತಾರೆ, ಅದರಲ್ಲೂ ಇದ್ರೆ ಮತ್ತೊಂದು. ಎಲ್ಲಾದರೂ ಕುಸಿದದ್ದು ಸಿಕ್ಕಿದ್ರೆ ಅಡುಗೆಮನೆಗೆ ಬಂದು ಹೇಳ್ತಾರೆ, 'ನೋಡು, ಅದು ಕೆಳಗೆ ಹೋಗಿದೆ. ನೀನು ಹೋಗದ್ದೇ ಒಳ್ಳೆದಾಯ್ತು' ಅಂತ. ಮೇಲೆ ಹೋದ ವರ್ಷ ಊಟ ಮಾಡುವುದಿಲ್ಲ."

ದೇಶಭಕ್ತಿ ಎಂದುಕೊಂಡಿದ್ದೆನಲ್ಲ ನಾನು! ಜಗತ್ತಿನ ಇಷ್ಟು ವಿಶ್ವವಿದ್ಯಾನಿಲಯಗಳಲ್ಲಿ ಮಾವ ಇಷ್ಟು ವರ್ಷ ಹುಡುಕಿದ್ದು ಒಂದೇ ಒಂದನ್ನು. ಅದು ಸೋಲಲಿ, ತನ್ನ ತಪ್ಪು ಸ್ವಲ್ಪ ಸಣ್ಣದಾಗಲಿ ಎಂದು.

ಮಾವ ತಲೆ ಎತ್ತಲಿಲ್ಲ. ಕುತ್ತಿಗೆಯಿಂದ ವಿಸಿಲನ್ನು ತೆಗೆದು ಮೇಜಿನ ಮೇಲಿಟ್ಟರು. ಅದಿಲ್ಲದೆ ಅವರ ಎದೆ ಯಾರದೋ ಎದೆಯ ಹಾಗೆ ಕಂಡಿತು.

"ಹಮೀದಾಕ," ಎಂದರು. "ಒಂದು ಪಟ್ಟಿಯಲ್ಲಿ ಒಳಗೆ ಉಂಟು, ಒಂದರಲ್ಲಿ ಹೊರಗೆ. ನನ್ನ ತೀರ್ಪು ಬರ್ಕೊಳ್ಳಿ. ಸಮ-ಸಮ."

ಹಮೀದಾಕ ಕಣ್ಣರಳಿಸಿದರು. ಈ ಬಾಯಿಂದ ಆ ಮಾತನ್ನು ಅವರು ಯಾವ ಕಂಬಳದಲ್ಲೂ ಕೇಳಿರಲಿಲ್ಲ.

"ಸಮ-ಸಮ ಆದ್ರೆ ನಿಯಮ ಎಂಥದು, ನೀವೇ ಹೇಳಿ."

"ಪುನಃ ಓಡಿಸ್ಬೇಕು ಮಾಸ್ಟ್ರೆ."

"ಹೌದು. ಓಡಿಸ್ಬೇಕು. ಕಟ್ಟಿ ಹಾಕ್ಲಿಕ್ಕೆ ನಿಯಮ ಇಲ್ಲ. ನಾನು ಒಮ್ಮೆ ಕಟ್ಟಿ ಹಾಕಿದೆ. ಅದು ಸಮ ಆಗ್ಲಿಲ್ಲ."

ಅತ್ತೆ, "ಅಂತೂ ಇಷ್ಟು ವರ್ಷದ ಮೇಲೆ ನನ್ನನ್ನು ಕೋಣ ಮಾಡಿದ್ರಿ," ಎಂದರು. ಶಿಫಾ ಮೊದಲು ನಕ್ಕಳು, ಆಮೇಲೆ ಹಮೀದಾಕ. ನಗುತ್ತಲೇ ಅವರು ಟವೆಲಿನಿಂದ ಕಣ್ಣೊರೆಸಿಕೊಂಡರು. "ಅಕ್ಕ, ನೀವು ಹೇಳಿ," ಎಂದು ಅತ್ತೆಯ ಕಡೆ ತಿರುಗಿದರು. "ಇವಳು ಹೋಗ್ಲಿಕ್ಕೆ ಹೊರಟದ್ದು ಸಮ ಉಂಟಾ?"

ಅತ್ತೆ ಉತ್ತರ ಕೊಡುವ ಬದಲು ಶಿಫಾಳ ಪಕ್ಕ ಬಂದು ಕೂತು, ಅಲ್ಲಿ ಯಾವ ಯಾವ ಪಾಠಗಳಿವೆ ಎಂದು ಕೇಳಿದರು. ಹುಡುಗಿ ಹೇಳಿದಳು. ಅತ್ತೆ ಇನ್ನೊಂದು ಪ್ರಶ್ನೆ ಕೇಳಿದರು. ಹುಡುಗಿ ತಡವರಿಸಿದಳು, ಯೋಚಿಸಿದಳು, ಉತ್ತರಿಸಿದಳು. ಆಮೇಲೆ ಇಬ್ಬರೂ ನಮಗೆ ಯಾರಿಗೂ ಅರ್ಥವಾಗದ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ಅತ್ತೆಯ ಮುಖವನ್ನು ನೋಡುತ್ತಾ ಕೂತಿದ್ದ ಹಮೀದಾಕ ಮಗಳ ತಲೆಯ ಮೇಲೆ ಕೈಯಿಟ್ಟು, "ಹೋಗಿ ಬಾ ಮಗ. ಯಾರು ಕೇಳಿದ್ರೂ ನಾನು ಮಾತಾಡ್ತೇನೆ," ಎಂದರು.

ಶಿಫಾ ಹೋದಳು. ಈಗ ಅಲ್ಲಿಂದ ಅವಳ ಕರೆ ಹೆಚ್ಚಾಗಿ ಬರುವುದು ಮೆಲ್ಕಾರಿಗಲ್ಲ, ಮೂಡುಬಿದಿರೆಗೆ. ಸಂಜೆಯ ಊಟ ಮುಗಿಸಿ ಅತ್ತೆ ಫೋನು ಹಿಡಿದು ಕೂತರೆ ಮಾವನಿಗೆ ಫಲಿತಾಂಶ ಪ್ರಕಟಿಸಲು ಶ್ರೋತೃಗಳೇ ಇಲ್ಲ. ಪಲ್ಯ ತೃತೀಯವಾದರೂ ಕೇಳುವವರಿಲ್ಲ, ಸಾರು ದ್ವಿತೀಯವಾದರೂ ಕೇಳುವವರಿಲ್ಲ. ಅವರೇ ಪಾತ್ರೆ ತೊಳೆದಿಡುತ್ತಾರಂತೆ. ತೊಳೆದದ್ದಕ್ಕೆ ಅತ್ತೆ ಯಾವ ಸ್ಥಾನ ಕೊಡುತ್ತಾರೆಂದು ಕೇಳಿದೆ. "ಇನ್ನೂ ಹೀಟ್ಸ್ ನಡೀತಾ ಉಂಟು, ಫೈನಲ್ಲಿಗೆ ಬರ್ಲಿಲ್ಲ," ಎಂದರು ಅತ್ತೆ.

ಮೊನ್ನೆ ಹೊಸ ಪಟ್ಟಿ ಬಂದ ದಿನ ಮಾವನ ಫೋನು ಬಂತು.

"ಶಿಫಾಳದ್ದು ಸ್ವಲ್ಪ ಕೆಳಗೆ ಬಂದಿದೆ ಮಾರಾಯ್ತಿ. ಹಮೀದಾಕನಿಗೆ ಹೇಳ್ಲಿಕ್ಕೆ ಹೋಗ್ಬೇಡ."

"ಇಲ್ಲ ಮಾವ. ಮತ್ತೆ ಅತ್ತೆಯದ್ದು?" ಎಂದು ಹೆದರಿಕೊಂಡೇ ಕೇಳಿದೆ.

"ಅದು ಮೇಲೆ ಹೋಗಿದೆ. ಆ ಸರ್ವಿಸ್ ಬಸ್ಸಿನಿಂದ ಇಳಿದು ಮುಂದಿನ ಬಸ್ಸು ಹತ್ತಿದೆ."

"ಊಟ ಮಾಡಿದ್ರಾ?"

"ಮಾಡಿದೆ. ಹೋಟೆಲಿನಲ್ಲಿ ಎಲ್ಲರಿಗೂ ಲಾಡು ಕೊಡಿಸಿದೆ."

ಆ ಕಡೆ ಒಳಗೆಲ್ಲೋ ಅತ್ತೆ ಶಿಫಾಳಿಗೆ ಏನನ್ನೋ ಬಿಡಿಸಿ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಮಾವ ಅದಕ್ಕೆ ಕಿವಿಗೊಟ್ಟಿದ್ದರು ಎಂದು ಕಾಣುತ್ತದೆ. ಆಮೇಲೆ ಅತ್ತೆಗೆ ಕೇಳಬಾರದೆಂಬಂತೆ ದನಿ ತಗ್ಗಿಸಿ ಅಂದರು:

"ಇವಳು ಹೋಗಿದ್ದಿದ್ರೆ ಅದು ಇನ್ನೂ ಮೇಲೆ ಇರ್ತಿತ್ತು ಮಾರಾಯ್ತಿ."